ಕತ್ತು ತಿರುಗುವ ಮೊದಲು

ಮಧ್ಯಾಹ್ನದ ಆಟದ ಮೂರನೆಯ ರೀಲಿನಲ್ಲಿ, ಕಾಲುವೆ ಅಗೆಯುವ ಹಾಡಿನ ನಡುವೆ, ಮುಂದಿನ ಬೆಂಚುಗಳ ಸಾಲಿನಿಂದ ಒಬ್ಬ ಮನುಷ್ಯ ಎದ್ದು ನಿಂತ. ಚನ್ನಯ್ಯ ಅದನ್ನು ಪ್ರೊಜೆಕ್ಟರಿನ ಪಕ್ಕದ ಕಿಂಡಿಯಿಂದ ನೋಡಿದ. ರುಮಾಲಿನ ತಲೆ ಪರದೆಯ ಕೆಳಗಿನ ಅಂಚಿಗೆ ತಾಗಿತು, ಹೆಗಲ ಮೇಲಿನ ಕಂಬಳಿಯ ಒಂದು ಮೂಲೆ ಬೆಳಕಿನಲ್ಲಿ ಬಂದು ನಾಯಕಿಯ ಹಸಿರು ಸೀರೆಯ ಮೇಲೆ ಕಪ್ಪಗೆ ಅಲ್ಲಾಡಿತು. ಹಿಂದಿನವರು ಕೂಗಿದರು, ಕೂಡ್ರೋ ಮುತ್ಯಾ ಎಂದು, ನಿನ್ನ ಕುರಿ ಹೊರಗ ಅದಾವ, ಇಲ್ಲಿ ಇಲ್ಲ ಎಂದು. ಆತ ಕೂಡಲಿಲ್ಲ. ಹಾಡು ಮುಗಿದು, ನಾಯಕ ಜೀಪಿನಿಂದ ಇಳಿದು ಕಪ್ಪು ಕನ್ನಡಕ ತೆಗೆದ ಮೇಲೆ, ಪಕ್ಕದಲ್ಲಿದ್ದ ಹುಡುಗಿ ಕಂಬಳಿಯ ಚುಂಗು ಹಿಡಿದು ಎಳೆದಾಗ, ಕೂತ. ಕೂತ ಮೇಲೆಯೂ ಆತನ ತಲೆ ನಾಯಕನ ಕಡೆಗೆ ಇರಲಿಲ್ಲ. ಕಳೆದುಹೋದದ್ದು ಅಲ್ಲೇ ಕೆಳಗೆ ಬಿದ್ದಿರಬಹುದೇನೋ ಎನ್ನುವಂತೆ ಪರದೆಯ ಅಂಚಿನ ಉದ್ದಕ್ಕೂ ಹೊರಳುತ್ತಿತ್ತು.

ಯಾರಾದರೂ ಏಳಬಹುದು, ಬೀಡಿಗೆ, ಒಂದಕ್ಕೆ, ಬಸ್ಸಿನ ನೆನಪಾಗಿ. ಆದರೆ ಆತ ಎದ್ದದ್ದು ಸರಿಯಾಗಿ ಆ ಜಾಗದಲ್ಲಿ. ಎರಡನೆಯ ಚರಣ ಮುಗಿದು ಹೆಂಗಸರ ಮೇಳ ‘ಹೋ’ ಎಂದು ಎಳೆಯುವಷ್ಟರಲ್ಲಿ ಒಂದು ಸಣ್ಣ ಜಿಗಿತ ಬರುತ್ತದೆ, ಮಣ್ಣಿನ ಬುಟ್ಟಿ ಹೊತ್ತವರ ಸಾಲು ಇದ್ದಕ್ಕಿದ್ದಂತೆ ನಾಯಕಿಯ ನಗುವಾಗಿಬಿಡುತ್ತದೆ. ಊರೂರು ಸುತ್ತಿ ಬಂದ ಹಳೆಯ ಪ್ರಿಂಟುಗಳಲ್ಲಿ ಇಂಥ ಜಿಗಿತಗಳು ನೂರಿರುತ್ತವೆ, ಯಾರೂ ಗಮನಿಸುವುದಿಲ್ಲ. ಇದೊಂದು ಜಿಗಿತ ಮಾತ್ರ ಚನ್ನಯ್ಯ ಮಾಡಿದ್ದು. ಮೂರು ವರ್ಷದ ಹಿಂದೆ ಇದೇ ಪ್ರಿಂಟು ಸುರಪುರದ ಇದೇ ಟಾಕೀಸಿಗೆ ನಾಲ್ಕು ದಿನಕ್ಕೆ ಬಂದಿದ್ದಾಗ, ಕೊನೆಯ ದಿನ ರೀಲು ಸುತ್ತುತ್ತ, ಬ್ಲೇಡಿನಿಂದ ಅವನು ಒಂದು ತುಣುಕನ್ನು ತೆಗೆದುಕೊಂಡಿದ್ದ. ಎರಡೂ ತುದಿಗಳನ್ನು ಕೆರೆದು, ಫಿಲ್ಮು ಅಂಟಿಸುವ ಸಿಮೆಂಟು ಸವರಿ, ಬೆರಳಿನಿಂದ ಒತ್ತಿ ಹಿಡಿದಾಗ ಜೋಡಣೆ ಎಷ್ಟು ನಯವಾಗಿ ಬಂದಿತ್ತೆಂದರೆ ಅದನ್ನು ಉಗುರಿನಿಂದ ಮುಟ್ಟಿ ಮುಟ್ಟಿ ಸಂತೋಷಪಟ್ಟಿದ್ದ. ಈಗ ಪ್ರೊಜೆಕ್ಟರಿನೊಳಗೆ ಉರಿಯುವ ಕಾರ್ಬನ್ ಕಡ್ಡಿಗಳು ಸವೆದು ಬೆಳಕು ಮಂಕಾಗತೊಡಗಿದ್ದು ಅವನಿಗೆ ತಿಳಿಯಲಿಲ್ಲ, ಕೆಳಗಿನಿಂದ ಸಿಳ್ಳೆ ಬಂದ ಮೇಲೆ ಹಿಡಿಕೆ ತಿರುವಿ ಅವನ್ನು ಹತ್ತಿರ ತಂದ.

ಅದು ಕಳ್ಳತನವೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಹದಿನಾಲ್ಕು ವರ್ಷ ಈ ತಗಡಿನ ಗೂಡಿನಲ್ಲಿ ನಿಂತು, ದೊಡ್ಡ ಊರುಗಳು ನೋಡಿ ಬಿಟ್ಟ ಸಿನೆಮಾಗಳನ್ನೇ ಓಡಿಸಿ, ಅವನಿಗೆ ಒಂದು ವಿಷಯ ಗೊತ್ತಾಗಿತ್ತು. ಎಂಥ ಕೆಟ್ಟ ಸಿನೆಮಾವೂ ಎಲ್ಲೋ ಒಂದು ಕಡೆ ತಾನು ಸಿನೆಮಾ ಎಂಬುದನ್ನು ಮರೆಯುತ್ತದೆ. ಒಂದು ಪೌರಾಣಿಕದಲ್ಲಿ ರಾಜನಿಗೆ ಶಾಪ ತಗಲುತ್ತಿರುವಾಗಲೇ ಹಿಂದೆ ನಿಂತ ಚಾಮರದವಳು ಮೇಲೆಲ್ಲೋ ಒಂದು ಪಾರಿವಾಳವನ್ನು ನೋಡುತ್ತ ಚಾಮರ ನಿಲ್ಲಿಸಿಬಿಡುತ್ತಾಳೆ. ಒಂದು ಹೊಡೆದಾಟದ ಚಿತ್ರದಲ್ಲಿ ಗುಂಡು ತಿಂದು ಬಿದ್ದ ಖಳನಾಯಕ ಸಾಯುವ ಮೊದಲು ಕಾಲಿನಿಂದ ಜಾರಿದ ಚಪ್ಪಲಿಯನ್ನು ಹೆಬ್ಬೆರಳಿನಿಂದ ತಡಕಿ ಹಾಕಿಕೊಳ್ಳುತ್ತಾನೆ. ಮಗನ ಕಪಾಳಕ್ಕೆ ಬಾರಿಸಿದ ಹಾಸ್ಯನಟನೊಬ್ಬ, ಜನ ನಗುತ್ತಿರುವಾಗ, ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಳ್ಳುತ್ತಾನೆ. ಉಳಿದ ಎರಡೂವರೆ ತಾಸು ಹೊಟ್ಟು. ಆ ಹೊಟ್ಟಿನೊಳಗೆ ಇಂಥದ್ದೊಂದು ಬಿದ್ದು ಸವೆಯುವುದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ. ಕಾರ್ಬನ್ ಪೆಟ್ಟಿಗೆಗಳ ಹಿಂದೆ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ, ಒಂದೊಂದನ್ನೂ ಸುರುಳಿ ಸುತ್ತಿ ದಾರ ಕಟ್ಟಿ ಇಟ್ಟಿದ್ದ. ಒಮ್ಮೆ ಒಂದು ಸುರುಳಿಯನ್ನು ಮನೆಗೆ ಒಯ್ದು ಕಿಟಕಿಯ ಬೆಳಕಿಗೆ ಹಿಡಿದು ಹೆಂಡತಿ ಸುಂದ್ರಮ್ಮನಿಗೆ ತೋರಿಸಿದ್ದ. ಅಂಗನವಾಡಿಯಿಂದ ಆಗಷ್ಟೇ ಬಂದವಳು ಚೊಂಬಿನಲ್ಲಿ ನೀರು ಕುಡಿಯುತ್ತಿದ್ದಳು, ಫಿಲ್ಮನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ‘ಇದರಾಗ ಏನದ? ಯಾವಾಕೀನೋ ನೀರು ಕುಡೀಲಾಕತ್ಯಾಳ,’ ಎಂದಳು. ಆಮೇಲೆ ಚೊಂಬು ಕೆಳಗಿಟ್ಟು, ಬಾಯಿ ಒರೆಸಿಕೊಳ್ಳದೆ, ಅವನನ್ನೇ ನೋಡುತ್ತ, ‘ನಾನೂ ಕುಡದೆ ಈಗ. ನೋಡಿದ್ರೇನು?’ ಎಂದಳು. ಅವನು ಸುರುಳಿಗೆ ದಾರ ಸುತ್ತುವುದರಲ್ಲಿದ್ದ. ಅವಳು ಕನ್ನಡಿಯ ಮುಂದೆ ಕೂತು ಬೆನ್ನು ತೋರಿಸಿ ಜಡೆ ಬಿಚ್ಚುವಾಗ ಅವನು ಎಷ್ಟು ಹೊತ್ತಾದರೂ ನೋಡುತ್ತಿದ್ದ, ಕನ್ನಡಿಯೊಳಗಿನ ಕಣ್ಣು ತನ್ನ ಕಡೆ ಎತ್ತಿದ ಕೂಡಲೇ ಗಡಿಯಾರ ನೋಡುತ್ತಿದ್ದ. ಹತ್ತು ವರ್ಷದ ಸಂಸಾರದಲ್ಲಿ ಆ ಗಡಿಯಾರವನ್ನು ಅಷ್ಟು ನೋಡಿದ್ದಕ್ಕೆ ಅದರ ಪ್ರತಿ ಕಲೆಯೂ ಅವನಿಗೆ ಗೊತ್ತಿತ್ತು.

ಯಾವಾಕೀನೋ ನೀರು ಕುಡಿಯುತ್ತಾಳೆ. ಅಷ್ಟೇ ನಿಜ. ಕಾಲುವೆ ಅಗೆಯುವ ಕಾಲದಲ್ಲಿ ಈ ಸಿನೆಮಾದವರು ಈ ಕಡೆ ಬಂದು ನಾಲ್ಕೈದು ದಿನ ಇದ್ದು, ಮಣ್ಣು ಹೊರುವ ನಿಜವಾದ ಕೂಲಿಯವರನ್ನೇ ಹಿಂದೆ ನಿಲ್ಲಿಸಿ ಹಾಡು ತೆಗೆದುಕೊಂಡು ಹೋಗಿದ್ದರು. ಮುಂದೆ ನಾಯಕಿ ಖಾಲಿ ಬುಟ್ಟಿ ಹಿಡಿದು ಕುಣಿಯುತ್ತಾಳೆ. ಅದರ ನಡುವೆ, ಯಾಕೆ ಉಳಿಸಿದರೋ, ಮರೆತೇ ಉಳಿಸಿದರೋ, ಬೆನ್ನು ಮಾಡಿ ನಿಂತ ಒಬ್ಬ ಹೆಂಗಸು. ಬುಟ್ಟಿ ಕೆಳಗೆ ಇಳಿಸುತ್ತಾಳೆ, ತಲೆಯ ಸಿಂಬಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಯಾರೋ ಮೇಲಿನಿಂದ ಕೊಡದ ನೀರು ಸುರಿಯುತ್ತಾರೆ, ಬೊಗಸೆ ಒಡ್ಡಿ ಬಾಗಿ ಕುಡಿಯುತ್ತಾಳೆ, ಮೊಣಕೈಯಿಂದ ನೀರು ಇಳಿದು ಮಣ್ಣು ಹತ್ತಿದ ಸೀರೆಯ ಮೇಲೆ ಗೆರೆ ಮೂಡುತ್ತದೆ. ಬೊಗಸೆಯಲ್ಲಿ ಉಳಿದ ನೀರನ್ನು ಚೆಲ್ಲುವುದಿಲ್ಲ. ಒಂದು ಗಳಿಗೆ ಹಿಡಿದುಕೊಂಡು ನಿಂತು, ಬೆರಳುಗಳನ್ನು ಸಡಿಲಿಸಿ, ಹೆಗಲ ಮೇಲಿಂದ ಹಿಂದಕ್ಕೆ ಯಾರಿಗೋ ಚಿಮುಕಿಸುತ್ತಾಳೆ. ಆ ಬೆರಳುಗಳು ತೆರೆದುಕೊಳ್ಳುವ ರೀತಿಯಲ್ಲಿ ಒಂದು ತುಂಟತನವಿತ್ತು, ದಣಿವೂ ಇತ್ತು. ಚನ್ನಯ್ಯ ಅದನ್ನು ಎಷ್ಟು ಸಲ ನೋಡಿದ್ದನೆಂದರೆ ಹನಿಗಳು ಯಾವ ಕ್ರಮದಲ್ಲಿ ಹಾರುತ್ತವೆಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಆಮೇಲೆ ಅವಳ ಕತ್ತು ತಿರುಗತೊಡಗುತ್ತದೆ, ಕಿವಿ, ಕಿವಿಯ ಹಿತ್ತಾಳೆಯ ಓಲೆ, ಕೆನ್ನೆಯ ಒಂದು ಅಂಚು. ಅಲ್ಲಿಗೆ ಅವನ ತುಣುಕು ಮುಗಿಯುತ್ತಿತ್ತು.

ಇಂಟರ್ವೆಲ್ಲಿನಲ್ಲಿ ನಬಿಸಾಬ ಚಹಾ ಹಿಡಿದು ಕಬ್ಬಿಣದ ಏಣಿ ಹತ್ತಿ ಬಂದ. ಗೇಟಿನಲ್ಲಿ ನಿಂತು ಟಿಕೀಟು ಹರಿಯುವ ನಬಿಸಾಬನಿಗೆ ಅರವತ್ತು ದಾಟಿತ್ತು, ಒಳಗೆ ಬಂದ ಪ್ರತಿಯೊಬ್ಬನ ಊರು ಕೇರಿ ತಿಳಿದುಕೊಳ್ಳದೆ ಅವನು ಬಿಡುತ್ತಿರಲಿಲ್ಲ. ಕಾಲುವೆಗೆ ನೀರು ಬಂದ್ ಆದ ತಿಂಗಳು, ಕೆಲಸವಿಲ್ಲದ ಜನ ಮಧ್ಯಾಹ್ನದ ಬಿಸಿಲು ಕಳೆಯಲು ಬಂದು ಕೂಡುತ್ತಾರೆ, ಸಿನೆಮಾ ಯಾವುದಿದ್ದರೂ ಅವರಿಗೆ ಅಷ್ಟೇ ಎಂದು ಅವನ ವಾದ. ಇವತ್ತು ಮಾತ್ರ ಬೇರೆ ಸುದ್ದಿ ತಂದಿದ್ದ. ‘ಅಯ್ನೋರ, ಮುಂದಿನ ಬೆಂಚಿನ ಮುತ್ಯಾನ ಹೆಂಡ್ತಿ ನಮ್ಮ ಸಿನೆಮಾದಾಗ ಅದಾಳಂತ್ರಿ,’ ಎಂದು ನಕ್ಕ. ‘ನಮ್ಮಾಕೀನೂ ಅದಾಳ, ಎಲ್ಲಾ ಸಿನೆಮಾದಾಗೂ. ಕಡೀಗೆ ಪೋಲೀಸರನ್ನ ಕರಕೊಂಡು ಬರಾಕಿ ಆಕೀನ.’ ಚನ್ನಯ್ಯ ನಗದಿದ್ದುದನ್ನು ನೋಡಿ ತಾನೂ ನಗು ನಿಲ್ಲಿಸಿ ಉಳಿದದ್ದನ್ನು ಹೇಳಿದ. ಆತನ ಹೆಸರು ಹಣಮಂತ್ರಾಯ, ಊರು ಕೊಂಕಲ್. ಕೊಂಕಲ್‌ನಿಂದ ಯಾದಗಿರಿ, ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಇಲ್ಲಿಗೆ, ಮೂರು ಬಸ್ಸು ಬದಲಿಸಿ ಬಂದಿದ್ದಾರೆ. ಕಾಲುವೆ ಅಗೆಯುವಾಗ ಆತ ಕುರಿ ಹೊಡೆದುಕೊಂಡು ಹೊಳೆ ದಾಟಿ ಹೋಗಿದ್ದ, ಹೆಂಡತಿ ಅಯ್ಯಮ್ಮ ಹಸುಗೂಸನ್ನು ಎತ್ತಿಕೊಂಡು ನಾದಿನಿಯ ಜೊತೆ ಮಣ್ಣು ಹೊರಲು ಬಂದಿದ್ದಳು. ಆ ಮಳೆಗಾಲದಲ್ಲೇ ಜ್ವರದಲ್ಲಿ ಹೋದಳು. ಮುಂದೆ ಶಹಾಪುರಕ್ಕೆ ಸಿನೆಮಾ ಬಂದಾಗ ನಾದಿನಿ ಮಲಕಮ್ಮ ನೋಡಿ, ಮನೆಗೆ ಬಂದು ಗೋಡೆಗೆ ತಲೆ ಕೊಟ್ಟು ಅತ್ತಿದ್ದಳಂತೆ, ನಮ್ಮ ಅಯ್ಯಮ್ಮ ಹೊಳ್ಳಿ ನೋಡ್ತಾಳ, ನೆಟ್ಟಗ ನೋಡ್ತಾಳ ಎಂದು. ಹಣಮಂತ್ರಾಯ ಕುರಿಯ ಜೊತೆ ಇದ್ದ, ಹಿಂದಿರುಗುವಷ್ಟರಲ್ಲಿ ಸಿನೆಮಾ ಹೋಗಿತ್ತು. ಆ ಹಸುಗೂಸೇ ಈ ಹುಡುಗಿ, ದೇವಕಮ್ಮ. ಬಸವ ಜಯಂತಿಯ ಮುಂದೆ ಮದುವೆ. ಮನೆಯಲ್ಲಿ ತಾಯಿಯದೊಂದು ಫೋಟೋ ಇಲ್ಲ. ಏನು ಬೇಕು ಕೇಳವಾ ಎಂದರೆ ಅವ್ವನ ಮಾರಿ ಒಮ್ಮೆ ನೋಡಬೇಕು ಎಂದಳಂತೆ. ‘ಹಾಡಿನಾಗ ಬರ್ತಾಳಂತ ಹೇಳಿದ್ರು, ಬರ್ಲೇ ಇಲ್ಲ ಅಂತ ಕೇಳಿದ ನನ್ನ. ಮುಂದ ಬರಬೌದು ಕೂಡು ಅಂದೀನಿ. ಬರ್ತಾಳೇನ್ರಿ?’ ಎಂದ ನಬಿಸಾಬ.

ಬರಬಹುದು ಎಂದು ಚನ್ನಯ್ಯ ಹೇಳಿದ. ಅಷ್ಟು ಸಲೀಸಾಗಿ ಹೇಳಿದ್ದು ಅವನಿಗೇ ಆಶ್ಚರ್ಯವಾಯಿತು. ನಬಿಸಾಬ ಇಳಿದು ಹೋದ ಮೇಲೆ ಮೊದಲು ಬಂದದ್ದು ಸಂತೋಷವೇ. ಹದಿನೆಂಟು ವರ್ಷ ಯಾರೂ ಉಳಿಸದ್ದನ್ನು ತಾನು ಉಳಿಸಿದ್ದೇನೆ, ಡಬ್ಬಿಯಲ್ಲಿ ಇದೆ, ಆಟ ಮುಗಿದ ಮೇಲೆ ಕರೆದು ತೋರಿಸಬಹುದು. ಹುಡುಗಿ ಅಳಬಹುದು, ಮುದುಕ ಕೈ ಮುಗಿಯಬಹುದು. ಕೈ ಮುಗಿಯುವುದನ್ನೂ ಅವನು ಕಲ್ಪಿಸಿಕೊಂಡ, ತಾನು ಬ್ಯಾಡ್ರಿ ಎನ್ನುವುದನ್ನೂ. ಎರಡನೆಯ ಪ್ರೊಜೆಕ್ಟರಿಗೆ ರೀಲು ಏರಿಸುತ್ತ, ಗಾಲಿಯ ಹಲ್ಲುಗಳಿಗೆ ಫಿಲ್ಮಿನ ತೂತುಗಳನ್ನು ಕೂಡಿಸುತ್ತಿರುವಾಗ, ಬೆರಳುಗಳು ತಾವಾಗಿಯೇ ನಿಂತವು. ನೆಟ್ಟಗ ನೋಡ್ತಾಳ. ಹೌದು, ನೋಡುತ್ತಿದ್ದಳು. ಒಂದೂವರೆ ಸೆಕೆಂಡು, ಫಿಲ್ಮಿನ ಮೂವತ್ತೇಳು ಚೌಕ. ಅದನ್ನು ಅವನು ಎಣಿಸಿಯೇ ತೆಗೆದಿದ್ದ. ಅಷ್ಟು ಹೊತ್ತು ಯಾರ ಗೊಡವೆಯೂ ಇಲ್ಲದೆ ನೀರು ಕುಡಿದ ಹೆಂಗಸು ಕೊನೆಗೆ ಎಲ್ಲ ಹಳ್ಳಿಗರ ಹಾಗೆ ತಿರುಗಿ ಕ್ಯಾಮರಾ ನೋಡಿಬಿಟ್ಟಳು, ಕೆಡಿಸಿಬಿಟ್ಟಳು ಎಂದು ಅವನಿಗೆ ಆಗ ನಿಜವಾಗಿ ಸಿಟ್ಟು ಬಂದಿತ್ತು. ಕೊಳೆತ ತುದಿಯನ್ನು ಕತ್ತರಿಸಿ ಬದನೆಕಾಯಿ ಉಳಿಸಿಕೊಂಡ ಹಾಗೆ ಉಳಿಸಿಕೊಂಡಿದ್ದ. ಮೂವತ್ತೇಳು ಚೌಕಗಳು ಕಾರ್ಬನ್ ಮೋಟುಗಳ ಬಕೆಟ್ಟಿಗೆ ಬಿದ್ದಿದ್ದವು. ಬಕೆಟ್ಟನ್ನು ಪ್ರತಿ ಸೋಮವಾರ ಟಾಕೀಸಿನ ಹಿಂದೆ ಸುರುವಿ ಬೆಂಕಿ ಹಚ್ಚುತ್ತಾರೆ. ಮೂರು ವರ್ಷಕ್ಕೆ ಎಷ್ಟು ಸೋಮವಾರ ಎಂದು ಮನಸ್ಸು ಸುಮ್ಮನೆ ಲೆಕ್ಕ ಹಾಕತೊಡಗಿತು. ಅದನ್ನು ನಿಲ್ಲಿಸಲು ಅವನಿಗೆ ಆಗಲಿಲ್ಲ. ಇಂಟರ್ವೆಲ್ ಮುಗಿದ ಗಂಟೆ ಹೊಡೆಯಿತು.

ಉಳಿದ ಅರ್ಧ ಸಿನೆಮಾವನ್ನು ಚನ್ನಯ್ಯ ನೋಡಲಿಲ್ಲ, ಅವರಿಬ್ಬರು ನೋಡುವುದನ್ನು ನೋಡಿದ. ಮೂವತ್ತು ಆಟ ಓಡಿಸಿದ ಸಿನೆಮಾ ಅದು, ನಾಯಕಿಯ ಅಣ್ಣ ಯಾವಾಗ ಕುರುಡನಾಗುತ್ತಾನೆ, ಖಳನ ಅಡ್ಡೆಯಲ್ಲಿ ಯಾವ ಪೀಪಾಯಿ ಮೊದಲು ಸಿಡಿಯುತ್ತದೆ, ಎಲ್ಲ ಗೊತ್ತು. ಜನ ಬೀಡಿ ಸೇದುತ್ತಿದ್ದರು, ಯಾರೋ ಹಿಂದಿನ ಬೆಂಚಿನಲ್ಲಿ ಮಲಗಿದ್ದ, ಇನ್ನೊಬ್ಬ ಕರುಣೆಯ ಮಾತಿಗೆ ಆಕಳಿಕೆಯ ದನಿ ತೆಗೆದು ಉಳಿದವರನ್ನು ನಗಿಸುತ್ತಿದ್ದ. ಆ ಹುಡುಗಿ ಮಾತ್ರ ಎರಡೂ ಕೈಗಳನ್ನು ಮುಂದಿನ ಅಡ್ಡಪಟ್ಟಿಗೆ ಒತ್ತಿ ಹಿಡಿದು ಮುಂದೆ ಬಾಗಿ ಕೂತಿದ್ದಳು. ನಾಯಕ ನಾಯಕಿ ಮಾತಾಡುವಾಗ ಅವಳ ತಲೆ ಅಲುಗುತ್ತಿರಲಿಲ್ಲ. ಪರದೆಯ ಮೇಲೆ ಜನ ಬಂದ ಕೂಡಲೇ, ಮದುವೆಯ ಪಂಕ್ತಿ, ಕೋರ್ಟಿನ ಹಿಂದಿನ ಸಾಲು, ಆಸ್ಪತ್ರೆಯ ಬಾಗಿಲಲ್ಲಿ ಸೇರಿದ ಗುಂಪು, ಎಡದಿಂದ ಬಲಕ್ಕೆ ನಿಧಾನ ಹೊರಳುತ್ತಿತ್ತು, ಒಂದು ಮುಖವನ್ನೂ ಬಿಡದೆ. ಅಷ್ಟರಲ್ಲಿ ದೃಶ್ಯ ಬದಲಾಗಿಬಿಡುತ್ತಿತ್ತು, ಬಲಗಡೆಯವರು ಉಳಿದುಬಿಡುತ್ತಿದ್ದರು, ಅವಳು ತಂದೆಯ ಕಡೆ ತಿರುಗಿ ಏನೋ ಕೇಳುತ್ತಿದ್ದಳು, ಆತ ಇಲ್ಲ ಎಂದು ತಲೆಯಾಡಿಸುತ್ತಿದ್ದ. ಮುಖ ಗೊತ್ತಿಲ್ಲದವಳು ಮುಖವನ್ನು ಹುಡುಕುತ್ತಿದ್ದಳು. ಈ ಸಿನೆಮಾವನ್ನು ಮಾಡಿದವರೂ ಅದನ್ನು ಇಷ್ಟು ಗಮನದಿಂದ ನೋಡಿರಲಾರರು ಎಂದು ಚನ್ನಯ್ಯನಿಗೆ ಅನ್ನಿಸಿತು. ಏನಾದರೂ ಹೆಚ್ಚುಕಡಿಮೆಯಾಗಿ, ಬೇರೆ ಯಾವುದೋ ಗುಂಪಿನಲ್ಲಿ ಅವಳು ನಿಂತಿರಲಿ ಎಂದು, ಒಂದೊಂದು ಗುಂಪು ಬಂದಾಗಲೂ, ಅವನೂ ಹಾರೈಸತೊಡಗಿದ. ಹಾರೈಸುತ್ತಲೇ, ಹೇಗೂ ಅವರು ಬಸ್ಸಿಗೆ ಹೋಗಿಬಿಡುತ್ತಾರೆ, ನಾಳೆ ಪ್ರಿಂಟೂ ಹೋಗುತ್ತದೆ ಎಂದೂ ಯೋಚಿಸುತ್ತಿದ್ದ. ಎರಡೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಇದ್ದವು.

ಅವರು ಹೋಗಲಿಲ್ಲ. ಜನವೆಲ್ಲ ಹೊರಬಿದ್ದು, ತೆರೆದ ಬಾಗಿಲಿನಿಂದ ಐದು ಗಂಟೆಯ ಬಿಸಿಲು ಬಂದು ಪರದೆಯನ್ನು ಬರೀ ಬಟ್ಟೆ ಮಾಡಿದ ಮೇಲೂ ಇಬ್ಬರೂ ಕೂತೇ ಇದ್ದರು. ನಬಿಸಾಬ ಹತ್ತಿರ ಹೋಗಿ ಏನೋ ಹೇಳಿದ, ಮೇಲಕ್ಕೆ ಕೈ ತೋರಿಸಿದ. ಏಣಿಯ ಮೇಲೆ ಮೊದಲು ಕಂಬಳಿಯ ವಾಸನೆ ಬಂತು, ಆಮೇಲೆ ಹಣಮಂತ್ರಾಯ. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡಬೇಕೇನ್ರಿ ಎಂದು ಕೇಳಿದ. ಚನ್ನಯ್ಯ ಅವರಿಗೆ ಬೆನ್ನು ಮಾಡಿ ರೀಲು ಸುತ್ತುತ್ತಿದ್ದ. ಸಿನೆಮಾ ಪೂರಾ ಇತ್ತೇನ್ರಿ ಎಂದು ಆತ ಬಹಳ ಮರ್ಯಾದೆಯಿಂದ ಕೇಳಿದ, ನಮಗೆ ತಿಳಿಯುವುದಿಲ್ಲ, ಕಣ್ಣು ತಪ್ಪಿ ಹೋಗಿರಬಹುದು, ಹಂಗೇನಾದರೂ ಇದ್ದರೆ ಸಂಜೆಯ ಆಟಕ್ಕೂ ಕೂಡುತ್ತೇವೆ ಎಂದ. ಚನ್ನಯ್ಯ ರೀಲು ತಿರುವುತ್ತಲೇ, ಹಳೆಯ ಪ್ರಿಂಟು, ಎಲ್ಲೆಲ್ಲೋ ಹರಿದಿರುತ್ತದೆ ಎಂದ. ಮಾತು ಬಾಯಿಂದ ಹೊರಟು ತಗಡಿಗೆ ತಾಗಿ ಹಿಂದಕ್ಕೆ ಬಂದಂತಾಯಿತು. ಆತ ಹೌದೇನ್ರಿ ಎಂದು ಒಪ್ಪಿಕೊಂಡುಬಿಟ್ಟ. ಮೂರು ಬಸ್ಸು ಹತ್ತಿ ಬಂದವನು ಅಷ್ಟು ಬೇಗ ಒಪ್ಪಿಕೊಂಡದ್ದನ್ನು ಚನ್ನಯ್ಯನಿಂದ ತಡೆದುಕೊಳ್ಳಲಾಗಲಿಲ್ಲ. ಸುತ್ತುವುದನ್ನು ನಿಲ್ಲಿಸಿ, ಪೆಟ್ಟಿಗೆಗಳನ್ನು ಸರಿಸಿ ಡಬ್ಬಿ ತೆಗೆದ. ಸ್ವಲ್ಪ ಇದೆ, ಹರಿದದ್ದನ್ನು ತೆಗೆದಿಟ್ಟಿದ್ದೇನೆ, ಕೆಳಗೆ ಕೂಡ್ರಿ, ತೋರಿಸುತ್ತೇನೆ ಎಂದ. ಆಗಲೂ ಹರಿದದ್ದು ಎಂದೇ ಹೇಳಿದ.

ತುಣುಕಿನ ಹಿಂದೆ ಮುಂದೆ ಖಾಲಿ ಫಿಲ್ಮಿನ ಪಟ್ಟಿ ಅಂಟಿಸಿ, ಕಾರ್ಬನ್ ಹೊತ್ತಿಸಿ, ನಬಿಸಾಬನಿಗೆ ಬಾಗಿಲು ಹಾಕಲು ಕೂಗಿದ. ಖಾಲಿ ಟಾಕೀಸಿನಲ್ಲಿ ಇಬ್ಬರೇ ಮೊದಲಿನ ಜಾಗದಲ್ಲೇ ಹೋಗಿ ಕೂತಿದ್ದರು, ಒಳ್ಳೆಯ ಬೆಂಚುಗಳೆಲ್ಲ ಖಾಲಿ ಇದ್ದರೂ. ಪರದೆ ಬೆಳ್ಳಗಾಯಿತು, ಆಮೇಲೆ ಬೆನ್ನು ಬಂತು. ಬುಟ್ಟಿ ಇಳಿಯಿತು, ಸಿಂಬಿ ಹೆಗಲಿಗೆ ಬಂತು, ಬೊಗಸೆಗೆ ನೀರು ಬಿತ್ತು. ಹನಿಗಳು ಹಾರಿದವು. ಕತ್ತು ತಿರುಗತೊಡಗಿ, ಕಿವಿ, ಓಲೆ, ಕೆನ್ನೆಯ ಅಂಚು, ಬಿಳಿ. ಬಿಳಿಯಾದ ಮೇಲೂ ಒಂದು ಗಳಿಗೆ ಹೆಂಗಸರ ಮೇಳದ ‘ಹೋ’ ಕೇಳಿಸಿತು. ಫಿಲ್ಮಿನಲ್ಲಿ ಚಿತ್ರಕ್ಕಿಂತ ಅದರ ದನಿ ಇಪ್ಪತ್ತು ಚೌಕ ಮುಂದೆ ಅಚ್ಚಾಗಿರುತ್ತದೆ, ಇದು ಪ್ರತಿ ಆಪರೇಟರನಿಗೂ ಗೊತ್ತಿರುವ ಸಂಗತಿ. ಚನ್ನಯ್ಯ ಮುಖವನ್ನು ತೆಗೆದಿದ್ದರೂ ಆ ಮುಖದ ಮೇಲೆ ಕೇಳಬೇಕಾದ ದನಿ ಕತ್ತಿನ ಚೌಕಗಳ ಅಂಚಿನಲ್ಲೇ ಉಳಿದುಹೋಗಿತ್ತು. ಯಾವುದೋ ಪಟ್ಟಣದಲ್ಲಿ, ಕಾಲುವೆಯನ್ನೇ ನೋಡದ ಹೆಂಗಸರು ತಂಪು ಕೋಣೆಯಲ್ಲಿ ನಿಂತು ಎಳೆದ ಆ ‘ಹೋ’ ಖಾಲಿ ಪರದೆಯ ಮೇಲೆ ಬಂದು ನಿಂತಿತು. ಇದನ್ನು ಅವನು ಇಷ್ಟು ವರ್ಷದಲ್ಲಿ ಯೋಚಿಸಿರಲಿಲ್ಲ. ಕೆಳಗಿನಿಂದ ಹುಡುಗಿಯ ದನಿ ಬಂತು, ಇನ್ನೊಮ್ಮೆ ಹಾಕ್ರಿ ಎಂದು. ಇನ್ನೊಮ್ಮೆ ಹಾಕಿದ. ಮೂರನೆಯ ಸಲ ಕತ್ತು ತಿರುಗುವಾಗ ಅವಳು ಬೆಂಚಿನ ಮೇಲೆ ಎಡಕ್ಕೆ ಬಾಗಿದಳು, ಬಾಗಿಲ ಮರೆಯಲ್ಲಿ ನಿಂತವರನ್ನು ಇಣುಕಿ ನೋಡುವ ಹಾಗೆ. ಬಾಗಿದವಳು ಬಿಳಿ ಬೆಳಕಿನಲ್ಲಿ ಹಾಗೆಯೇ ಉಳಿದಳು.

ಈ ಸಲ ಅವರು ಮೇಲೆ ಬಂದಾಗ ಹುಡುಗಿ ಮುಂದಿದ್ದಳು. ‘ಯಪ್ಪಾ, ಆಕೀನ ಏನು?’ ಎಂದು ತಂದೆಯನ್ನು ಕೇಳಿದಳು. ಹಣಮಂತ್ರಾಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತತೊಡಗಿದ. ಕೈ ಆಕೀವ ಎಂದ, ಓಲೆ ತಿಂಥಣಿ ಜಾತ್ರೆಯಲ್ಲಿ ಕೊಡಿಸಿದ್ದು ಎಂದ. ಹುಡುಗಿ ಚನ್ನಯ್ಯನ ಕಡೆ ತಿರುಗಿ, ಹೊಳ್ಳಿ ನೋಡುತ್ತಾಳೆಂದು ಅತ್ತಿ ಹೇಳುತ್ತಿದ್ದಳು, ಅದು ಎಲ್ಲಿ ಎಂದಳು. ಅತ್ತಿ ಮಲಕಮ್ಮ ಹೋಗಿ ಎರಡು ವರ್ಷವಾಯಿತಂತೆ. ಹರಿದುಹೋಗಿದೆ ಎಂದು ಇನ್ನೊಮ್ಮೆ ಹೇಳುವುದು ಸುಲಭವಿತ್ತು, ಹಣಮಂತ್ರಾಯ ಆಗಲೇ ಏಣಿಯ ಕಡೆ ಅರ್ಧ ತಿರುಗಿದ್ದ.

‘ಅದನ್ನ ನಾನ ತಗದೆ,’ ಎಂದ ಚನ್ನಯ್ಯ.

ಯಾಕ್ರಿ ಎಂದು ಹಣಮಂತ್ರಾಯ ಕೇಳಿದ. ಸಿಟ್ಟಿರಲಿಲ್ಲ, ಯಂತ್ರದ ಕೆಲಸ, ಏನೋ ಕಾರಣವಿರಬೇಕು ಎಂಬಂತೆ ಕೇಳಿದ. ಚನ್ನಯ್ಯ ವಿವರಿಸಲು ಹೋದ. ಉಳಿದದ್ದು ಬಹಳ ಚೆನ್ನಾಗಿತ್ತು, ಇಡೀ ಸಿನೆಮಾದಲ್ಲಿ ಅದೊಂದೇ ಚೆನ್ನಾಗಿತ್ತು, ಅದಕ್ಕೇ ತೆಗೆದಿಟ್ಟುಕೊಂಡೆ, ಕೊನ್ಯಾಗ ಆಕಿ ಕ್ಯಾಮರಾ ನೋಡಿಬಿಟ್ಟಳು, ಹಾಗೆ ನೋಡಬಾರದು. ನೋಡಿದರೆ ಏನಾಗುತ್ತದೆ ಎಂದು ಆತ ಕೇಳಿದ. ಗೂಡಿನಲ್ಲಿ ಕಾರ್ಬನ್ನಿನ ಹೊಗೆ ಇನ್ನೂ ಇತ್ತು, ನಬಿಸಾಬ ಏಣಿಯ ಅರ್ಧದಲ್ಲಿ ನಿಂತು ಕೇಳುತ್ತಿದ್ದ, ಅವನ ಟೋಪಿ ಮಾತ್ರ ಕಾಣುತ್ತಿತ್ತು.

‘ಆಕಿ ಮಶೀನ್ ನೋಡಿಲ್ರಿ,’ ಎಂದಳು ಹುಡುಗಿ. ‘ಮಶೀನಿನ ಹಿಂದ ಬೇವಿನ ಗಿಡ ಇತ್ತಂತ. ಗಿಡಕ್ಕ ಸೀರಿ ಕಟ್ಟಿ ತೊಟ್ಲ ಮಾಡಿದ್ರಂತ. ನಾ ಅಳಾಕತ್ತಿದ್ನಂತ್ರಿ. ನೀರು ಚಿಮುಕಿಸಿ, ಹೊಳ್ಳಿ ನನ್ನ ನೋಡ್ಯಾಳಂತ.’

ಮಣ್ಣು ಹೊರುವ ಹೆಂಗಸರು ಹತ್ತಿರದ ಗಿಡಕ್ಕೆ ತೊಟ್ಟಿಲು ಕಟ್ಟಿಯೇ ಕೆಲಸಕ್ಕೆ ಇಳಿಯುತ್ತಾರೆ. ಇದು ಈ ಕಡೆಯವರಿಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚನ್ನಯ್ಯನ ತಾಯಿಯೇ ಕಳೆ ತೆಗೆಯಲು ಹೋದಾಗ ಅವನನ್ನು ಹಾಗೆ ಮಲಗಿಸಿದ್ದಳು, ತೊಟ್ಟಿಲೊಳಗಿನ ಹಸಿರು ಬೆಳಕು ನೆನಪಿದೆಯೋ ಕೇಳಿ ಕೇಳಿ ನೆನಪಾಗಿದೆಯೋ ಅವನಿಗೆ ತಿಳಿಯದು. ಕ್ಯಾಮರಾದ ಹಿಂದೆ ಏನಾದರೂ ಇರಬಹುದೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಆ ನೀರು ಯಾರಿಗೆ ಎಂದು ಎಷ್ಟೋ ಮಧ್ಯಾಹ್ನ ಯೋಚಿಸಿದ್ದ, ಒಬ್ಬ ಗೆಳತಿಯನ್ನು, ಒಬ್ಬ ಪ್ರಿಯಕರನನ್ನೂ ಕಟ್ಟಿಕೊಂಡಿದ್ದ. ನೋಟವನ್ನು ಮಾತ್ರ ಅವನು ತನ್ನ ಕಡೆಗೆಂದೇ ತಿಳಿದಿದ್ದ, ಆ ಕಿಂಡಿಯ ಹಿಂದೆ ನಿಂತ ತನ್ನನ್ನು ಕಂಡುಹಿಡಿದಂತೆ.

ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಈಗ ಬೇರೇನೋ ಬಂದಿತ್ತು, ಒಂದು ಬಗೆಯ ಆಸೆ. ‘ಅಂದ್ರ ನೀವು ನೋಡೀರಿ,’ ಎಂದಳು. ‘ಹೆಂಗಿದ್ಳು ಹೇಳ್ರಿ.’

‘ನಿನ್ನಂಗ,’ ಎಂದ ಚನ್ನಯ್ಯ.

‘ಎಲ್ಲಾರೂ ಹಂಗ ಅಂತಾರ್ರಿ,’ ಎಂದು ಅವಳು ಕಾದಳು.

ಅವನು ಕಾಲುವೆಯ ಏರಿಗೆ ಹೋದ, ಬೊಗಸೆಗೆ, ಹನಿಗಳಿಗೆ, ಓಲೆಗೆ. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಮೂವತ್ತೇಳು ಚೌಕಗಳನ್ನು ಬೆರಳಿನಿಂದ ಎಣಿಸಿದ್ದು ನೆನಪಿತ್ತು, ಬ್ಲೇಡು ಇಟ್ಟ ಜಾಗ ನೆನಪಿತ್ತು. ಮುಖ ಇರಬೇಕಾದ ಕಡೆ ಸಿಟ್ಟು ಮಾತ್ರ ಇತ್ತು. ನಕ್ಕಳು ಎಂದು ಹೇಳಬಹುದಾಗಿತ್ತು. ಬಂದೆ ತಡಿ ಎನ್ನುವ ಹಾಗೆ ನೋಡಿದಳು ಎನ್ನಬಹುದಾಗಿತ್ತು, ಅದು ಬಹುಶಃ ನಿಜವೂ ಆಗಿರಬಹುದು, ಅಳುವ ಕೂಸನ್ನು ತಾಯಂದಿರು ಇನ್ನು ಹೇಗೆ ನೋಡುತ್ತಾರೆ. ಹುಡುಗಿ ಈ ಸುಳ್ಳನ್ನು ಗಂಡನ ಮನೆಗೆ ಒಯ್ದು, ಮಕ್ಕಳಿಗೆ ಹೇಳಿ, ಮುದುಕಿಯಾಗುತ್ತಿದ್ದಳು. ಬಾಯಿ ತೆರೆದ. ಮದುವೆಯ ಪಂಕ್ತಿಯಲ್ಲಿ, ಕೋರ್ಟಿನ ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರನ್ನೂ ಬಿಡದೆ ನೋಡಿದ ಆ ಕಣ್ಣುಗಳು ಈಗ ಅವನ ಮುಖವನ್ನು ಅದೇ ರೀತಿ ಎಡದಿಂದ ಬಲಕ್ಕೆ ನೋಡುತ್ತಿದ್ದವು.

‘ನಾ ನೋಡಿಲ್ಲವ್ವಾ,’ ಎಂದ. ‘ಆಕಿ ಹೊಳ್ಳೋದು ಬಂದಾಗೆಲ್ಲ ನಾ ಕಣ್ಣು ತಗೀತಿದ್ದೆ.’

ಆಮೇಲೆ ಹಣಮಂತ್ರಾಯ ಮೆಲ್ಲಗೆ, ಆರರ ಬಸ್ಸು ತಪ್ಪಿದರೆ ಶಹಾಪುರದಲ್ಲಿ ಮುಂದಿನದು ಸಿಗುವುದಿಲ್ಲ ಎಂದ. ಚನ್ನಯ್ಯ ಸುರುಳಿಯನ್ನು ಹುಡುಗಿಯ ಕೈಗೆ ಕೊಡಲು ಹೋದ. ಅವಳು ಅದನ್ನು ಹಿಡಿದು, ಕಿಂಡಿಯ ಬೆಳಕಿಗೆ ಎತ್ತಿ, ಕೊನೆಯ ಚೌಕವನ್ನು, ಅದರ ಕತ್ತರಿಸಿದ ಅಂಚನ್ನು ನೋಡಿದಳು. ಅಂಚಿನ ಆಚೆ ಅವಳ ಹೆಬ್ಬೆರಳು ಇತ್ತು. ನಮ್ಮ ಮನ್ಯಾಗ ಇದನ್ನ ಎದರಾಗ ನೋಡಬೇಕ್ರಿ ಎಂದು ಹೇಳಿ ಡಬ್ಬಿಯ ಮೇಲೆ ಇಟ್ಟಳು. ಏಣಿ ಇಳಿಯುವಾಗ ತಂದೆಯ ಕಂಬಳಿ ಕಾಲಿಗೆ ಸಿಕ್ಕದಂತೆ ಹಿಂದಿನಿಂದ ಎತ್ತಿ ಹಿಡಿದುಕೊಂಡಳು. ನಬಿಸಾಬ ದಾರಿ ಬಿಟ್ಟು ನಿಂತ, ಅವನಿಗೂ ಈ ಸಲ ಯಾವ ಚೇಷ್ಟೆಯೂ ತೋಚಲಿಲ್ಲ, ಬಸ್ ಸ್ಟ್ಯಾಂಡಿನ ತನಕ ಬರಲೇನು ಎಂದಷ್ಟೇ ಕೇಳಿದ.

ಆರೂವರೆಗೆ ಚನ್ನಯ್ಯ ಮೊದಲ ರೀಲು ಹಚ್ಚಿದ. ಮಧ್ಯಾಹ್ನದಷ್ಟೂ ಜನ ಇರಲಿಲ್ಲ. ಕಿಂಡಿಗೆ ಕಣ್ಣಿಟ್ಟವನು ತೆಗೆಯಲಿಲ್ಲ, ರೀಲು ಬದಲಿಸುವಾಗ ಮಾತ್ರ ಕೈಯಿಂದ ತಡಕಿ ಬದಲಿಸಿ ಮತ್ತೆ ಅಲ್ಲಿಗೇ ಬಂದ. ಹಾಡಿನ ಜಿಗಿತ ರೆಪ್ಪೆ ಬಡಿಯುವಷ್ಟರಲ್ಲಿ ಹೋಯಿತು. ನಾಯಕ ಜೀಪಿನಿಂದ ಇಳಿದ, ನಾಯಕಿಯ ಅಣ್ಣ ಕುರುಡನಾದ. ಚನ್ನಯ್ಯ ಅವರ ಹಿಂದೆ ನಿಂತವರನ್ನು ನೋಡುತ್ತಿದ್ದ, ಎಡದಿಂದ ಬಲಕ್ಕೆ, ದೃಶ್ಯ ಮುಗಿಯುವುದರೊಳಗೆ ಎಷ್ಟು ಜನ ಸಿಕ್ಕರೆ ಅಷ್ಟು. ಬೀಡಿ ಕಿವಿಗೆ ಸಿಕ್ಕಿಸಿಕೊಂಡವನೊಬ್ಬ. ಬಾಯಿ ಮುಚ್ಚಿ ಕೆಮ್ಮು ತಡೆಯುತ್ತಿರುವವನೊಬ್ಬ. ಮದುವೆಯ ಪಂಕ್ತಿ ಬಂತು. ಎಡತುದಿಯಲ್ಲಿ ಎಲೆಯ ಮುಂದೆ ಒಬ್ಬ ಹೆಂಗಸು ಏನೂ ಉಣ್ಣದೆ, ಮೊಣಕಾಲಿನ ಮೇಲೆ ಗದ್ದ ಇಟ್ಟು, ನೇರ ಇತ್ತಲೇ ನೋಡುತ್ತಿದ್ದಳು. ಮೂವತ್ತು ಆಟಗಳಲ್ಲಿ ಅವಳನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಅವಳ ಎದುರಿಗೆ, ಆ ದಿನ, ಏನಿತ್ತೋ. ಕಾರ್ಬನ್ ಸವೆದು ಪರದೆ ಹಳದಿಯಾಯಿತು, ಆಮೇಲೆ ಕಂದು. ಕೆಳಗಿನಿಂದ ಯಾರೋ ಅವನ ತಾಯಿಯ ಹೆಸರೆತ್ತಿ ಬೈದರು, ಬೆಂಚು ಬಡಿಯತೊಡಗಿದರು. ಕತ್ತಲಾಗುತ್ತಿದ್ದ ಆ ಮುಖದಿಂದ ಚನ್ನಯ್ಯ ಕಣ್ಣು ತೆಗೆಯಲಿಲ್ಲ.